ಕಿರುಗುಟ್ಟುವ ಹಡಗಿನಲ್ಲಿ ಅಮ್ಮನ ಜೊತೆ ಆರು ರಾತ್ರಿ

ಮೊದಲ ರಾತ್ರಿ, ಹನ್ನೊಂದು ಗಂಟೆ ಇರಬಹುದು. ದೀಪ ಆರಿಸಿ ಮಲಗಿದ್ದೆವು. ಕತ್ತಲಲ್ಲಿ ಅಮ್ಮ ಕೇಳಿದಳು: "ಇದು ನಮ್ಮ ಅಟ್ಟದ ಸದ್ದಲ್ವೇನೋ?"

ಕಿವಿಗೊಟ್ಟೆ. ಗೋಡೆಯ ಹಲಗೆ ಕಿರ್ರ್ ಎಂದಿತು. ಒಂದು ಗಳಿಗೆ ಸುಮ್ಮನಾಯಿತು. ಆಮೇಲೆ ಬಟ್ಟೆ ಕಪಾಟಿನ ಮೂಲೆಯಿಂದ ಇನ್ನೊಂದು ಸದ್ದು, ಮತ್ತೆ ಗೋಡೆ. ತೀರ್ಥಹಳ್ಳಿ ಹತ್ತಿರದ ನಮ್ಮ ಹಳೇ ಹೆಂಚಿನ ಮನೆಯಲ್ಲಿ ಆಷಾಢದ ಗಾಳಿಗೆ ತೊಲೆ, ಜಂತೆ ಎಲ್ಲ ಹೀಗೇ ಮಾತಾಡುತ್ತಿದ್ದವು. ಆದರೆ ನಾವೀಗ ಇದ್ದದ್ದು ಇಂಗ್ಲೆಂಡಿನ ಸೌತಾಂಪ್ಟನ್ ಬಿಟ್ಟು ಐದಾರು ಗಂಟೆಯಾಗಿದ್ದ ಹಡಗಿನ ನಾಲ್ಕನೇ ಡೆಕ್ಕಿನಲ್ಲಿ. ಹಡಗಿನ ಹೆಸರು ಕ್ವೀನ್ ಎಲಿಜಬೆತ್ 2. ಎಲ್ಲರೂ ಕರೆಯುತ್ತಿದ್ದದ್ದು ಕ್ಯೂಇ2 ಅಂತ.

ಅದು 2003. ನಾನು ರೆಡಿಂಗ್‌ನಲ್ಲಿ ಕೆಲಸದಲ್ಲಿದ್ದೆ. ನ್ಯೂಜೆರ್ಸಿಗೆ ವರ್ಗವಾಯಿತು. ಅಮ್ಮ ನನ್ನ ಜೊತೆ ನಾಲ್ಕು ತಿಂಗಳು ಇರಲು ಬಂದವಳು, ಅಲ್ಲಿಗೂ ಬರುವುದು ಅಂತ ಮಾತಾಗಿತ್ತು, ವೀಸಾ ಕೂಡ ಆಗಿತ್ತು. ಅಷ್ಟರಲ್ಲಿ ಅವಳ ಕಿವಿಯ ತಮಟೆಗೆ ಆಪರೇಷನ್ ಮಾಡಬೇಕಾಗಿ ಬಂತು. ಇನ್ನು ಕೆಲವು ವಾರ ವಿಮಾನ ಹತ್ತಬಾರದು ಅಂದರು ಡಾಕ್ಟರು. ನಾನು ಹೊರಡಲೇಬೇಕು, ಅವಳನ್ನು ಒಬ್ಬಳೇ ಬಿಡುವ ಹಾಗಿಲ್ಲ. ಆಗ ಆಫೀಸಿನ ಗೆಳೆಯನೊಬ್ಬ ಹೇಳಿದ: ಹಡಗಿನಲ್ಲಿ ಹೋಗು. ಅಟ್ಲಾಂಟಿಕ್ ದಾಟಿಸಲು ವೇಳಾಪಟ್ಟಿ ಇಟ್ಟುಕೊಂಡು ಓಡಾಡುತ್ತಿದ್ದ ಹಡಗು ಆಗ ಅದೊಂದೇ ಉಳಿದಿತ್ತು.

ಟಿಕೆಟ್ ಮಾಡಿಸುವಾಗ ಮೂರು ವಿಷಯ ನೋಡಿಕೊಂಡೆ, ಮೂರೂ ಒಳ್ಳೆಯದಾಯಿತು. ಒಂದು, ಕ್ಯಾಬಿನ್ ಹಡಗಿನ ನಡುವೆ, ಕೆಳಗಿನ ಡೆಕ್ಕಿನಲ್ಲಿ ಕೇಳಿದೆ. ಬಸ್ಸಿನಲ್ಲಿ ಹಿಂದಿನ ಸೀಟು ಎಷ್ಟು ಎತ್ತಿಹಾಕುತ್ತದೆ, ನಡುವಿನ ಸೀಟು ಎಷ್ಟು ನೆಮ್ಮದಿ ಅಂತ ಆಗುಂಬೆ ಘಾಟಿ ಇಳಿದವರಿಗೆ ಗೊತ್ತು. ಹಡಗಿಗೂ ಅದೇ ಲೆಕ್ಕ. ಎರಡನೆಯದು, ಸಸ್ಯಾಹಾರ ಅಂದರೆ ಮೊಟ್ಟೆ, ಮೀನು ಕೂಡ ಇಲ್ಲ ಅಂತ ಮುಂಚೆಯೇ ಬರೆದು ತಿಳಿಸಿದೆ. ಮೂರನೆಯದು ಸಾಮಾನು. ವಿಮಾನದ ಹಾಗೆ ಕಿಲೋ ಲೆಕ್ಕ ಇರಲಿಲ್ಲ. ಮನೆ ಸಾಮಾನೆಲ್ಲ ಟ್ರಂಕಿಗೆ ತುಂಬಿ, ಪ್ರಯಾಣದಲ್ಲಿ ಬೇಕಾದದ್ದಕ್ಕೆ ಒಂದು ಚೀಟಿ, ಬೇಡದ್ದಕ್ಕೆ ಇನ್ನೊಂದು ಚೀಟಿ ಕಟ್ಟಿ ಕಳಿಸಿದೆ. ಅಮ್ಮನ ಅಪ್ಪೆಮಿಡಿ ಭರಣಿ ಮಾತ್ರ ಅವಳ ಕೈಚೀಲದಲ್ಲೇ ಇತ್ತು. ಜೊತೆಗೆ ಒಂದು ದೊಡ್ಡ ಹತ್ತಿ ಉಂಡೆ. ಲಕ್ಷಬತ್ತಿ ಹರಕೆ ಹೊತ್ತಿದ್ದಳು. ಬಿಡುವು ಸಿಕ್ಕಾಗಲೆಲ್ಲ ಹೂಬತ್ತಿ ಹೊಸೆಯುತ್ತಿದ್ದಳು.

ಹಡಗು ನೋಡಿದ ಮೊದಲ ಕ್ಷಣ ಮರೆತಿಲ್ಲ. ಈಗಿನ ಪ್ರವಾಸಿ ಹಡಗುಗಳು ಅಪಾರ್ಟ್‌ಮೆಂಟ್ ಕಟ್ಟಡವನ್ನು ನೀರಿಗೆ ಇಳಿಸಿದ ಹಾಗೆ ಕಾಣುತ್ತವೆ ಅಲ್ವಾ? ಇದು ಹಾಗಲ್ಲ. ಕಡು ಬಣ್ಣದ ಉದ್ದನೆ ಮೈ, ಕತ್ತಿಯ ಹಾಗೆ ಚೂಪು ಮೂತಿ, ಮೇಲೆ ಒಂದೇ ಒಂದು ಚಿಮಣಿ. ಉದ್ದ 963 ಅಡಿ. ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್‌ನಲ್ಲಿ ಕಟ್ಟಿ 1967ರ ಸೆಪ್ಟೆಂಬರ್ 20ರಂದು ಇಂಗ್ಲೆಂಡಿನ ರಾಣಿಯೇ ನೀರಿಗೆ ಬಿಟ್ಟದ್ದು. ನ್ಯೂಯಾರ್ಕ್‌ಗೆ ಮೊದಲ ಪ್ರಯಾಣ 1969ರ ಮೇ 2ಕ್ಕೆ. ನಾವು ಹತ್ತುವ ಹೊತ್ತಿಗೆ 34 ವರ್ಷ ದುಡಿದಿತ್ತು. ಹಡಗಿಗೆ ಅದು ಮುಪ್ಪಿನ ವಯಸ್ಸು. ರೇಲಿಂಗಿನ ಮರಕ್ಕೆ ಕೈ ಇಟ್ಟರೆ ಎಷ್ಟೋ ಸಾವಿರ ಅಂಗೈ ಸವೆಸಿದ ನುಣುಪು. ಉಕ್ಕಿನ ಗೋಡೆಯ ಮೇಲೆ ಬಣ್ಣದ ಮೇಲೆ ಬಣ್ಣ ಕೂತು, ಬೋಲ್ಟಿನ ತಲೆಗಳೆಲ್ಲ ದುಂಡಗಾಗಿದ್ದವು.

ಅಮ್ಮ ಮೊದಲು ಗುರುತಿಸಿದ್ದು ಓಣಿಯನ್ನು. ಕ್ಯಾಬಿನ್‌ಗಳ ನಡುವಿನ ಆ ಉದ್ದ ಓಣಿಯಲ್ಲಿ ನಿಂತು ನೋಡಿದರೆ ನೆಲ ಸಮವಾಗಿಲ್ಲ. ಮೂತಿಯ ಕಡೆ ಹೋಗುತ್ತಾ ಮೆಲ್ಲಗೆ ಏರುತ್ತದೆ, ಹಿಂದುಗಡೆಯೂ ಹಾಗೇ. ಒಂದು ತುದಿಯಲ್ಲಿ ನಿಂತರೆ ಇನ್ನೊಂದು ತುದಿಯಲ್ಲಿ ಬರುವವರ ತಲೆ ಸರಿಯಾಗಿ ಕಾಣುವುದಿಲ್ಲ. ಅಮ್ಮ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಾಲ್ಕು ಹೆಜ್ಜೆ ನಡೆದು ನೋಡಿದಳು. "ನೀರು ನಿಲ್ಲದ ಹಾಗೆ ವಾಟ ಕೊಟ್ಟಿದಾರೆ ಕಣೋ" ಅಂದಳು. ಆಮೇಲೆ ಕೇಳಿದಾಗ ತಿಳಿಯಿತು, ಅವಳು ಹೇಳಿದ್ದು ಹೆಚ್ಚುಕಡಿಮೆ ನಿಜ. ಅಲೆ ಮೂತಿಗೆ ಬಡಿದಾಗ ನೀರು ಮೇಲೆ ಹತ್ತದಿರಲಿ, ಹತ್ತಿದರೂ ನಿಲ್ಲದಿರಲಿ ಅಂತಲೇ ಹಳೇ ಕಾಲದ ಹಡಗುಗಳಿಗೆ ಈ ಬಾಗು ಕೊಡುತ್ತಿದ್ದರು.

ಕಿರುಗುಟ್ಟುವ ಸದ್ದಿನ ಕಾರಣ ಗೊತ್ತಾದದ್ದು ಊಟದ ಮೇಜಿನಲ್ಲಿ. ನಮಗೆ ಸಿಕ್ಕಿದ್ದು ಮಾರಿಟೇನಿಯಾ ಅನ್ನುವ ಊಟದ ಮನೆ. ಕ್ಯಾಬಿನ್ನಿನ ದರ್ಜೆ ನೋಡಿ ಊಟದ ಮನೆ ಗೊತ್ತು ಮಾಡುತ್ತಿದ್ದರು. ನಮ್ಮ ಮೇಜಿಗೆ ಬರುತ್ತಿದ್ದ ಹಿರಿಯರೊಬ್ಬರು ಹಡಗುಕಟ್ಟೆಯಲ್ಲಿ ದುಡಿದು ನಿವೃತ್ತರಾದವರು. ಅವರು ಚಾಕುವನ್ನು ಎರಡು ಬೆರಳ ಮೇಲೆ ಇಟ್ಟು ತೋರಿಸಿದರು. ಇಷ್ಟು ಉದ್ದದ ಮೈ ಎರಡು ಅಲೆಗಳ ನಡುವೆ ನಿಂತಾಗ ನಡು ತಗ್ಗುತ್ತದೆ, ಒಂದೇ ಅಲೆಯ ಮೇಲೆ ಕೂತಾಗ ನಡು ಏಳುತ್ತದೆ. ಉಕ್ಕಿನ ಮೈ ಹಾಗೆ ಬಾಗುವಾಗ ಒಳಗಿನ ಹಲಗೆಗಳು ಒಂದನ್ನೊಂದು ಉಜ್ಜುತ್ತವೆ. ಬಾಗದ ಹಾಗೆ ಬಿಗಿದು ಕಟ್ಟಿದ್ದರೆ ಸೀಳಿಹೋಗುತ್ತಿತ್ತು ಅಂದರು. ನಾನು ಕನ್ನಡದಲ್ಲಿ ಹೇಳಿದೆ. ಅಮ್ಮ ತಲೆಯಾಡಿಸಿದಳು. ನಮ್ಮ ಮನೆ ಕಟ್ಟಿದ ಆಚಾರರೂ ಮೊಳೆ ಹೊಡೆಯದೆ ಮರದ ಗೂಟ ಹಾಕಿ ತೊಲೆ ಕೂರಿಸಿದ್ದರಂತೆ, ಮಳೆಗಾಲಕ್ಕೆ ಮರ ಉಬ್ಬಲು ಜಾಗ ಬೇಕಲ್ಲ ಅಂತ. ಅದನ್ನು ನಾನು ಇಂಗ್ಲಿಷಿನಲ್ಲಿ ಅವರಿಗೆ ಹೇಳಿದೆ. ಅವತ್ತಿಂದ ಅವರಿಬ್ಬರೂ ಸ್ನೇಹಿತರು. ನಾನು ನಡುವೆ ದುಭಾಷಿ.

ಅವರಿಂದಲೇ ಎಷ್ಟೋ ತಿಳಿಯಿತು. ಈ ಹಡಗು ಹುಟ್ಟಿದ್ದು ಆವಿಯ ಟರ್ಬೈನಿನ ಜೊತೆ. 1986-87ರಲ್ಲಿ ಜರ್ಮನಿಯ ಬ್ರೆಮರ್‌ಹಾಫನ್‌ನಲ್ಲಿ ಅದನ್ನೆಲ್ಲ ಕಿತ್ತು ಒಂಬತ್ತು ಡೀಸೆಲ್ ಎಂಜಿನ್ ಕೂರಿಸಿದರು. ಎಂಜಿನ್ ಕರೆಂಟು ಹುಟ್ಟಿಸುತ್ತದೆ, ಕರೆಂಟು ಮೋಟಾರಿಗೆ ಹೋಗಿ ಎರಡು ಪ್ರೊಪೆಲ್ಲರ್ ತಿರುಗುತ್ತವೆ. ಓಟ 28.5 ನಾಟ್, ಗಂಟೆಗೆ ಸುಮಾರು 53 ಕಿಲೋಮೀಟರ್. ಒಂದು ಗ್ಯಾಲನ್ ಎಣ್ಣೆಗೆ ಮುಂದೆ ಹೋಗುವುದು ಸುಮಾರು 50 ಅಡಿ! ಇನ್ನೊಂದು ಮಾತು ನನಗೆ ತುಂಬಾ ನಾಟಿತು. 1982ರಲ್ಲಿ ಬ್ರಿಟನ್, ಅರ್ಜೆಂಟೀನಾ ನಡುವೆ ನಡೆದ ಫಾಕ್‌ಲ್ಯಾಂಡ್ಸ್ ಯುದ್ಧಕ್ಕೆ ಇದೇ ಹಡಗು ಸುಮಾರು 3,000 ಸೈನಿಕರನ್ನು ಹೊತ್ತು ಹೋಗಿತ್ತು. ಹೆಲಿಕಾಪ್ಟರ್ ಇಳಿಯಲು ಡೆಕ್ಕಿನ ಮೇಲೆ ಜಾಗ ಮಾಡಿದ್ದರು, ಬೂಟುಗಾಲಿಗೆ ಹಾಳಾಗಬಾರದು ಅಂತ ಕಾರ್ಪೆಟ್ ಮೇಲೆ ಹಲಗೆ ಹಾಸಿದ್ದರು. ಆ ದಂಡಿನಲ್ಲಿ ಗೂರ್ಖಾಗಳೂ ಇದ್ದರು. ನೇಪಾಳದ ಬೆಟ್ಟದ ಹುಡುಗರು ಇದೇ ಓಣಿಯಲ್ಲಿ ನಡೆದಿದ್ದರಲ್ಲ ಅಂತ ಅಮ್ಮ ಅವತ್ತು ರಾತ್ರಿ ಎರಡು ಸಲ ಹೇಳಿದಳು.

ಊಟಕ್ಕೆ ಮೊದಲ ದಿನ ಬೇಯಿಸಿದ ತರಕಾರಿ, ಬ್ರೆಡ್ಡು. ಎರಡನೇ ದಿನ ಬಡಿಸುವ ಹುಡುಗ ಒಳಗೆ ಏನು ಹೇಳಿದನೋ, ಅಡುಗೆಮನೆಯಲ್ಲಿದ್ದ ಗೋವಾದವನೊಬ್ಬ ಅನ್ನ, ತೊಗರಿಬೇಳೆ, ಒಗ್ಗರಣೆ ಹಾಕಿದ ಹುರುಳಿಕಾಯಿ ಕಳಿಸಿದ. ಅಮ್ಮ ಅವನನ್ನು ಕರೆಸಿ ಅಪ್ಪೆಮಿಡಿ ಕೊಟ್ಟಳು. ಮರುದಿನ ಅವನೇ ಖಾಲಿ ಬಟ್ಟಲು ಹಿಡಿದು ಬಂದ, ಇನ್ನೆರಡು ಮಿಡಿ ಕೊಡ್ತೀರಾ ಅಂತ.

ಸಂಜೆ ಉಡುಪಿನ ಬಗ್ಗೆ ಕಟ್ಟುನಿಟ್ಟಿತ್ತು. ಗಂಡಸರು ಕರೀ ಸೂಟು, ಬೋ. ನಾನು ಬಾಡಿಗೆಗೆ ತಂದಿದ್ದೆ. ಅಮ್ಮನಿಗೆ ಆ ಚಿಂತೆ ಇರಲಿಲ್ಲ, ಮೈಸೂರು ಸಿಲ್ಕ್ ಸೀರೆ ಉಟ್ಟು ಮೊಗ್ಗಿನ ಜಡೆಯ ವಯಸ್ಸಿನವಳ ಹಾಗೆ ಹೊರಟಳು. ಕ್ವೀನ್ಸ್ ರೂಮ್‌ನಲ್ಲಿ ಬ್ಯಾಂಡಿಗೆ ಜೋಡಿಗಳು ಕುಣಿಯುತ್ತಿದ್ದರು. ಕಾಲಡಿಯ ನೆಲ ಓಲಾಡುತ್ತಿದ್ದರೂ ಅವರ ಹೆಜ್ಜೆ ತಪ್ಪುತ್ತಿರಲಿಲ್ಲ. ಅದನ್ನೇ ನೋಡುತ್ತಾ ಗೋಡೆಬದಿಯ ಕುರ್ಚಿಯಲ್ಲಿ ಕೂತು ಅಮ್ಮ ಬತ್ತಿ ಹೊಸೆದಳು. ಹೂಬತ್ತಿ ಹೊಸೆಯುವುದು ನೋಡಿದ್ದೀರಲ್ವಾ? ಹತ್ತಿಯನ್ನು ಬೆರಳಲ್ಲಿ ಎಳೆದು ದುಂಡಗೆ ಮಡಿಸಬೇಕು. ಹಾಲು ಮುಟ್ಟಿದ ಬೆರಳಿಂದ ತುದಿಯನ್ನು ಮೇಲಕ್ಕೆ ತಿರುವಿ ನಿಲ್ಲಿಸಬೇಕು. ಚಹಾಕ್ಕೆ ಕೊಟ್ಟ ಪುಟ್ಟ ಹಾಲಿನ ಜಗ್ಗನ್ನೇ ಹತ್ತಿರ ಎಳೆದುಕೊಂಡಿದ್ದಳು. ಬಿಳೀ ಕೈಗವಸು ಹಾಕಿದ್ದ ಪರಿಚಾರಕ ಏನೂ ಕೇಳದೆ ಅದನ್ನು ತುಂಬಿಸಿ ಹೋದ. ಪಕ್ಕದಲ್ಲಿದ್ದ ಇಬ್ಬರು ಇಂಗ್ಲಿಷ್ ಹೆಂಗಸರು ಕುರ್ಚಿ ಎಳೆದುಕೊಂಡು ಬಂದರು, ಕಲಿಸಿ ಅಂದರು. ಕೊನೆಯ ದಿನದ ಹೊತ್ತಿಗೆ ಅವರ ಬತ್ತಿಯೂ ನಿಲ್ಲುತ್ತಿತ್ತು.

ಮೂರನೇ ದಿನ ಸಮುದ್ರ ಕೆರಳಿತು. ಕ್ಯಾಬಿನ್ ನೋಡಿಕೊಳ್ಳುವವನು ಬಂದು ದುಂಡು ಕಿಟಕಿಯ ಮೇಲೆ ದಪ್ಪ ಕಬ್ಬಿಣದ ಮುಚ್ಚಳ ಇಳಿಸಿ ತಿರುಪು ಬಿಗಿದ. ಹಡಗು ಅಕ್ಕಪಕ್ಕ ಹೊಯ್ದಾಡದ ಹಾಗೆ ನೀರೊಳಗೆ ರೆಕ್ಕೆಗಳಿವೆ. ಆದರೆ ಮೂತಿ ಏಳುವುದು, ಬೀಳುವುದು ಅದರಿಂದ ನಿಲ್ಲುವುದಿಲ್ಲ. ಮೂತಿ ಬಿದ್ದಾಗ ದಡಾರ್ ಅಂತ ಸದ್ದು, ಇಡೀ ಮೈಯೊಳಗೆ ಒಂದು ನಡುಕ, ಆಮೇಲೆ ಮತ್ತೆ ನಿಧಾನವಾಗಿ ಏಳುವುದು. 1995ರಲ್ಲಿ ಇದೇ ಹಡಗು ಚಂಡಮಾರುತದ ನಡುವೆ ಸುಮಾರು 29 ಮೀಟರ್ ಎತ್ತರದ ಅಲೆಯನ್ನು ಎದುರಿಸಿ ದಾಟಿತ್ತು ಅಂತ ಕೇಳಿದ್ದೆ. ನಮಗೆ ಸಿಕ್ಕಿದ್ದು ಅದರ ಮುಂದೆ ಏನೂ ಅಲ್ಲ. ಆದರೂ ನನಗೆ ತಲೆ ಎತ್ತಲು ಆಗಲಿಲ್ಲ. ಅಮ್ಮ ಶುಂಠಿ ಜಜ್ಜಿ ಉಪ್ಪು ಹಚ್ಚಿ ಕೊಟ್ಟಳು, ಬೆನ್ನ ಮೇಲೆ ಚಪ್ಪಟೆ ಮಲಗಿಸಿದಳು, ಹೊಟ್ಟೆ ಖಾಲಿ ಬಿಡಬೇಡ ಅಂತ ಒಣ ಬಿಸ್ಕತ್ತು ತಿನ್ನಿಸಿದಳು. ಹಡಗಿನವರು ಹೇಳುವ ಮದ್ದೂ ಇದೇ. ಗೋಡೆ ಜೋರಾಗಿ ಕಿರುಗುಟ್ಟಿದಾಗಲೆಲ್ಲ ಅದರ ಮೇಲೆ ಅಂಗೈ ಇಡುತ್ತಿದ್ದಳು. ದನದ ಕೊಟ್ಟಿಗೆಯಲ್ಲಿ ಗಬ್ಬದ ಹಸುವಿನ ಮೈ ಸವರುವ ಹಾಗೆ.

ನಾಲ್ಕನೇ ದಿನ ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕಡೆ ಮಂಜು ಕವಿಯಿತು. ಡೆಕ್ಕಿನ ರೇಲಿಂಗ್ ಬಿಟ್ಟು ಆಚೆ ಏನೂ ಇಲ್ಲ. ಮಂಜಿನಲ್ಲಿ ಸಾಗುವ ಹಡಗು ಎರಡು ನಿಮಿಷಕ್ಕೊಮ್ಮೆಯಾದರೂ ಕೂಗಬೇಕು ಅನ್ನುವುದು ಸಮುದ್ರದ ಕಾನೂನು. ಆ ಕೂಗು ಕಿವಿಗಿಂತ ಮೊದಲು ಎದೆಗೆ ತಾಗುತ್ತದೆ. ಅಮ್ಮ ಎರಡು ಕೂಗಿನ ನಡುವೆ ಎಷ್ಟು ಬತ್ತಿ ಆಗುತ್ತದೆ ಅಂತ ಎಣಿಸಿದಳು. ಎಂಟು.

ದಿನಾ ಮಧ್ಯಾಹ್ನ ಕ್ಯಾಪ್ಟನ್ ಮೈಕಿನಲ್ಲಿ ಎಲ್ಲಿದ್ದೇವೆ, ಎಷ್ಟು ಮೈಲಿ ಬಂದೆವು, ಕೆಳಗೆ ಆಳ ಎಷ್ಟು ಅಂತ ಹೇಳುತ್ತಿದ್ದರು. ಕುದುರೆಮುಖದ ಮೇಲೆ ಇನ್ನೊಂದು ಕುದುರೆಮುಖ ಇಟ್ಟರೂ ಮುಳುಗುತ್ತದೆ ಅಂತ ನಾನು ಅಮ್ಮನಿಗೆ ಲೆಕ್ಕ ಮಾಡಿ ಹೇಳಿದೆ. ರಾತ್ರಿ ಗಡಿಯಾರ ಒಂದು ಗಂಟೆ ಹಿಂದಕ್ಕೆ. ಆರು ರಾತ್ರಿಯಲ್ಲಿ ಐದು ಸಲ ಹೀಗೆ. ಅಂದರೆ ದಿನಕ್ಕೆ 25 ಗಂಟೆ. ವಿಮಾನ ಇಳಿದ ಮೇಲೆ ನಾಲ್ಕು ದಿನ ನಿದ್ದೆಗೆಡುವ ಕಷ್ಟ ನಮಗೆ ಆಗಲೇ ಇಲ್ಲ. ನಿಧಾನವಾಗಿ ಹೋಗುವುದು ಮೈಗೆ ಎಷ್ಟು ಹಿತ ಅಂತ ನನಗೆ ಆಗಲೇ ಗೊತ್ತಾದದ್ದು.

ಕೊನೆಯ ದಿನ ಬೆಳಗಿನ ಜಾವ ಎಲ್ಲರೂ ಶಾಲು ಹೊದ್ದು ಡೆಕ್ಕಿನ ಮೇಲಿದ್ದರು. ನ್ಯೂಯಾರ್ಕ್ ಬಂದರಿನ ಬಾಯಲ್ಲಿರುವ ವೆರಜಾನೊ ಸೇತುವೆ ಹತ್ತಿರ ಬಂತು. ಕೆಳಗಿಂದ ನೋಡಿದರೆ ಚಿಮಣಿ ತಾಗಿಯೇ ಬಿಡುತ್ತದೆ ಅನ್ನಿಸುತ್ತದೆ. ನೂರಾರು ಜನ ಉಸಿರು ಬಿಗಿಹಿಡಿದರು. ದಾಟಿದ ಮೇಲೆ ತಾವಾಗಿಯೇ ಚಪ್ಪಾಳೆ. ಆಮೇಲೆ ಲಿಬರ್ಟಿ ಪ್ರತಿಮೆ, ಹಡ್ಸನ್ ನದಿ, ಮ್ಯಾನ್‌ಹಟನ್ ಕಟ್ಟೆ. ಇಳಿಯುವಾಗ ಅಮ್ಮ ಬಾಗಿಲ ಅಂಚು ಮುಟ್ಟಿ ಕಣ್ಣಿಗೊತ್ತಿಕೊಂಡಳು.

ಮರುವರ್ಷವೇ ಆ ದಾರಿ ಹೊಸ ಕ್ವೀನ್ ಮೇರಿ 2ರ ಪಾಲಾಯಿತು. 2008ರ ನವೆಂಬರ್‌ನಲ್ಲಿ ಕ್ಯೂಇ2 ಕೊನೆಯ ಸಲ ಸೌತಾಂಪ್ಟನ್ ಬಿಟ್ಟು ದುಬೈಗೆ ಹೋಯಿತು. ಅಲ್ಲಿ ಕಟ್ಟೆಯಲ್ಲಿ ಸುಮ್ನೆ ನಿಂತು ಒಂಬತ್ತು ವರ್ಷ ಕಳೆದವು. 2018ರ ಏಪ್ರಿಲ್‌ನಲ್ಲಿ ಹೋಟೆಲಾಗಿ ಬಾಗಿಲು ತೆರೆಯಿತು. ಆ ನಡುವೆ ಊರಿನಲ್ಲಿ ಅಣ್ಣ ಹಳೇ ಮನೆ ಇಳಿಸಿ ಆರ್‌ಸಿಸಿ ಮನೆ ಕಟ್ಟಿಸಿದ್ದ. ಅಮ್ಮನ ಲಕ್ಷಬತ್ತಿಯೂ ಮುಗಿದಿತ್ತು.

ಮಾರನೇ ವರ್ಷ ಬೆಂಗಳೂರಿಗೆ ಬರುವ ದಾರಿಯಲ್ಲಿ ದುಬೈನಲ್ಲಿ ಒಂದು ರಾತ್ರಿ ಇಳಿದೆ, ಆ ಹಡಗಿನಲ್ಲೇ ರೂಮು ಮಾಡಿದೆ. ದೀಪ ಆರಿಸಿ ಮಲಗಿ ತುಂಬಾ ಹೊತ್ತು ಕಾದೆ. ಎಸಿಯ ಗುಂಯ್‌ಗುಡುವ ಸದ್ದು ಬಿಟ್ಟು ಬೇರೆ ಏನೂ ಇಲ್ಲ. ಬೆಳಿಗ್ಗೆ ಅಮ್ಮನಿಗೆ ಫೋನ್ ಮಾಡಿ ಹೇಳಿದೆ.

"ಅಲೆ ಇಲ್ಲ, ಗಾಳಿ ಇಲ್ಲ. ಅದು ಯಾಕೆ ಕಿರುಗುಟ್ಟತ್ತೆ?" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಆ ಓಣಿ ಹಂಗೇ ಇದೆಯಾ?" ಅಂತ ಕೇಳಿದಳು.

ಫೋನ್ ಕಿವಿಗೆ ಹಿಡಿದುಕೊಂಡೇ ಹೊರಗೆ ಬಂದೆ. ಚಪ್ಪಲಿ ಬಾಗಿಲಲ್ಲೇ ಬಿಟ್ಟು ಮೂತಿಯ ಕಡೆ ಹತ್ತು ಹೆಜ್ಜೆ ನಡೆದೆ. ಕಾಲಿಗೆ ಏರು ಗೊತ್ತಾಯಿತು.

"ಇದೆ ಅಮ್ಮ" ಅಂದೆ.