ಮದುವೆ ಮನೆಯಲ್ಲಿ ಮೈಕ್ ಯಾರ ಕೈಗೆ ಕೊಡಬೇಕು, ಹೇಗೆ ಹಿಡಿಯಬೇಕು

ತುಮಕೂರಿನಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುವುದು ನಮ್ಮ ಮನೆಯ ಕಸುಬು. ಅಪ್ಪನ ಕಾಲದಲ್ಲಿ ತೆಂಗಿನ ಮರಕ್ಕೆ ಎರಡು ಹಾರ್ನ್ ಕಟ್ಟಿ ಹಾಡು ಹಾಕಿದರೆ ಕೆಲಸ ಮುಗಿಯುತ್ತಿತ್ತು. ಮದುವೆ ಮನೆಯಲ್ಲಿ ಭಾಷಣ ಎಂಬುದೇ ಅಪರೂಪ. ಈಗ ಗುಬ್ಬಿ, ಕುಣಿಗಲ್, ಕೊರಟಗೆರೆ, ಶಿರಾ ಎಲ್ಲೇ ಹೋದರೂ ಆರತಕ್ಷತೆಯ ಸಂಜೆ ಮೈಕ್ ಒಂದು ಸುತ್ತು ತಿರುಗಲೇಬೇಕು. ಸ್ನೇಹಿತರು, ಜೊತೆಯಲ್ಲಿ ಕೆಲಸ ಮಾಡುವವರು, ಊರಿನ ಮುಖಂಡರು, ನಿವೃತ್ತ ಮೇಷ್ಟ್ರು, ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ವೇದಿಕೆ ಹತ್ತುತ್ತಾರೆ. ಆದರೂ ಹುಡುಗಿಯ ಕಣ್ಣು ತುಂಬಿಕೊಳ್ಳುವುದನ್ನು, ಬೀಗರ ಮುಖ ಸಣ್ಣದಾಗುವುದನ್ನು ಮಿಕ್ಸರ್ ಹಿಂದೆ ಕುಳಿತು ನೋಡಿದ್ದೇನೆ. ಅಷ್ಟು ಖರ್ಚು ಮಾಡಿ, ಅಷ್ಟು ಆಸೆಯಿಂದ ಮಾಡಿದ ಮದುವೆಯಲ್ಲಿ ಕೊನೆಗೆ ಜನರ ಬಾಯಲ್ಲಿ ಉಳಿಯುವುದು ಆ ಒಂದು ಮಾತು ಎಂದರೆ ನನಗೆ ನಿಜವಾಗಿ ಹೊಟ್ಟೆ ಉರಿಯುತ್ತದೆ. ಇದರಲ್ಲಿ ಮುಕ್ಕಾಲು ಪಾಲು ತಡೆಯಬಹುದಾದದ್ದು.

ಮದುವೆ ಮಾಡುವವರಿಗೆ

ಅಡುಗೆಯ ಉಸ್ತುವಾರಿಗೆ ಒಬ್ಬರು, ಮುಯ್ಯಿ ಬರೆಯಲು ಒಬ್ಬರು, ತಾಂಬೂಲ ಕೊಡಲು ಇಬ್ಬರು ಎಂದು ಮೊದಲೇ ಗೊತ್ತುಮಾಡುತ್ತೀರಿ. ಹಾಗೆಯೇ ಮೈಕಿಗೂ ಒಬ್ಬರನ್ನು ಗೊತ್ತುಮಾಡಿ. ಹುಡುಗಿಯ ಅಪ್ಪ ಬೇಡ, ಅವರಿಗೆ ಅಂದು ನೂರೆಂಟು ಚಿಂತೆ. ಸೋದರಮಾವನೋ ಚಿಕ್ಕಮ್ಮನೋ ಆಗಲಿ. ಎರಡೂ ಕಡೆಯವರ ಹೆಸರು ಬಲ್ಲವರಾಗಿರಬೇಕು, ಅಂದು ಸಂಜೆ ಕುಡಿಯದವರಾಗಿರಬೇಕು, 'ಸಾಕು ಮಾವ, ಊಟಕ್ಕೆ ಹೊತ್ತಾಯಿತು' ಎಂದು ನಗುನಗುತ್ತಾ ಹೇಳುವ ಗಟ್ಟಿತನ ಇರಬೇಕು. ಯಾರು ಮಾತನಾಡುತ್ತಾರೆ ಎಂಬ ಪಟ್ಟಿ ಹಿಂದಿನ ದಿನವೇ ಅವರ ಕೈಯಲ್ಲಿರಲಿ. ಎರಡೂ ಕಡೆ ಸೇರಿ ನಾಲ್ಕು ಜನರಿಗಿಂತ ಹೆಚ್ಚು ಬೇಡ. ಪಟ್ಟಿಯಲ್ಲಿ ಇಲ್ಲದವರು ಬಂದು ಮೈಕಿಗೆ ಕೈ ಚಾಚಿದರೆ ಗೌರವದಿಂದ ಫೋಟೋಗೆ ನಿಲ್ಲಿಸಿ. ಜನಪ್ರತಿನಿಧಿಗಳು ಬಂದಾಗಲೂ ಹಾಗೆಯೇ: ಹಾರ, ಫೋಟೋ, ಊಟ. ಮದುವೆ ಮನೆಯಲ್ಲಿ ಕೆರೆಗೆ ನೀರು ತಂದ ಕಥೆ ಹೇಳಿಸಬೇಡಿ. ಕೇಳುವವರಲ್ಲಿ ಎಲ್ಲ ಪಕ್ಷದವರೂ ಇರುತ್ತಾರೆ.

ಮಾತಿನ ಸಮಯವನ್ನೂ ನೀವೇ ಗೊತ್ತುಮಾಡಬೇಕು. ಹುಡುಗ ಹುಡುಗಿ ವೇದಿಕೆಗೆ ಬಂದ ಕೂಡಲೇ, ಉಡುಗೊರೆಯ ಸಾಲು ಶುರುವಾಗುವ ಮೊದಲು ಮುಗಿಸಿಬಿಡಿ. ಸಾಲನ್ನು ನಡುವೆ ತಡೆದು ಭಾಷಣ ಮಾಡಿಸಿದರೆ ಪಾವಗಡದ ಬಸ್ಸು ಹಿಡಿಯಬೇಕಾದ ಅಜ್ಜಿ ಕೈಯಲ್ಲಿ ಲಕೋಟೆ ಹಿಡಿದು ಮೆಟ್ಟಿಲ ಮೇಲೆ ನಿಂತಿರುತ್ತಾರೆ. ಆಗ ಒಳ್ಳೆಯ ಮಾತೂ ಯಾರ ಕಿವಿಗೂ ಹಿಡಿಸುವುದಿಲ್ಲ.

ಕೆಲವು ಊರುಗಳಲ್ಲಿ ಮುಯ್ಯಿ ಇಟ್ಟವರ ಹೆಸರನ್ನೂ ಮೊತ್ತವನ್ನೂ ಮೈಕಿನಲ್ಲಿ ಓದುವ ಅಭ್ಯಾಸ ಇನ್ನೂ ಇದೆ. ದಯವಿಟ್ಟು ನಿಲ್ಲಿಸಿ. ಹತ್ತು ಸಾವಿರ ಓದಿದ ಉಸಿರಿನಲ್ಲೇ ನೂರಾ ಒಂದು ರೂಪಾಯಿ ಓದಿದರೆ ಆ ಮನುಷ್ಯ ಊಟ ಮಾಡದೆ ಎದ್ದು ಹೋಗುತ್ತಾನೆ. ಪುಸ್ತಕದಲ್ಲಿ ಬರೆದರೆ ಸಾಕು.

ಮಾತನಾಡುವವರಿಗೆ

ಮದುವೆಯ ಕಾಗದವನ್ನು ಕೈಯಲ್ಲಿ ಹಿಡಿದುಕೊಂಡೇ ವೇದಿಕೆ ಹತ್ತಿ. ನೀವು 'ಪುಟ್ಟಿ' ಎಂದು ಕರೆಯುವ ಹುಡುಗಿಗೆ ಕಾಗದದಲ್ಲಿ ಬೇರೆಯೇ ಹೆಸರಿರುತ್ತದೆ, ಬೀಗರಿಗೆ ಗೊತ್ತಿರುವುದು ಆ ಹೆಸರು. ಹೆಸರು ತಪ್ಪುವುದೇ ನಾನು ಕಂಡ ಅತಿ ಸಾಮಾನ್ಯ ಅವಘಡ. ಅಣ್ಣನ ಹೆಸರಿನಲ್ಲಿ ತಮ್ಮನಿಗೆ ಹರಸಿದವರಿದ್ದಾರೆ. ಹಿಂದಿನ ದಿನ ಅದೇ ಛತ್ರದಲ್ಲಿ ನಡೆದ ಮದುವೆಯ ಹೆಸರುಗಳು ಎಲ್‌ಇಡಿ ಪರದೆಯ ಮೇಲೆ ಉಳಿದುಕೊಂಡು, ನಿರೂಪಣೆ ಮಾಡುವವರು ಅದನ್ನೇ ನೋಡಿ ಓದಿದ್ದೂ ಉಂಟು.

ಬರೆದುಕೊಂಡು ಬನ್ನಿ. ಗೆರೆ ಹಾಳೆಯ ಒಂದು ಮಗ್ಗುಲು ಸಾಕು, ನಿಧಾನವಾಗಿ ಓದಿದರೆ ಎರಡು ನಿಮಿಷ ಹಿಡಿಯುತ್ತದೆ. ನೀವು ಯಾರು, ಹುಡುಗನಿಗೋ ಹುಡುಗಿಗೋ ಏನಾಗಬೇಕು ಎಂದು ಮೊದಲು ಹೇಳಿ. ಆಮೇಲೆ ನೀವು ಕಣ್ಣಾರೆ ಕಂಡ ಒಂದು ಸಂಗತಿ. 'ತುಂಬಾ ಒಳ್ಳೆಯ ಹುಡುಗ' ಎಂದರೆ ಯಾರ ಮನಸ್ಸಿನಲ್ಲೂ ನಿಲ್ಲುವುದಿಲ್ಲ. 'ಅವರ ತಾತ ಆಸ್ಪತ್ರೆಯಲ್ಲಿದ್ದಾಗ ಇವನು ರಾತ್ರಿಯೆಲ್ಲ ಬೆಂಚಿನ ಮೇಲೆ ಕುಳಿತಿದ್ದ' ಎಂದರೆ ಹುಡುಗಿಯ ತಾಯಿ ತಲೆ ಎತ್ತಿ ಅಳಿಯನನ್ನು ಇನ್ನೊಮ್ಮೆ ನೋಡುತ್ತಾರೆ. ಅದಾದ ಮೇಲೆ ಹಾರೈಕೆ. ಅಲ್ಲಿಗೆ ನಿಲ್ಲಿಸಿ.

ವಚನವನ್ನೋ ಪದ್ಯವನ್ನೋ ಹೇಳುವುದಾದರೆ ಪೂರ್ತಿ ಓದಿ, ಅರ್ಥ ತಿಳಿದು ಹೇಳಿ. ಒಂದು ಆರತಕ್ಷತೆಯಲ್ಲಿ ಹುಡುಗಿಯ ಕಡೆಯ ಹಿರಿಯರೊಬ್ಬರು ಅಕ್ಕಮಹಾದೇವಿಯ ಪ್ರಸಿದ್ಧ ವಚನ ಎತ್ತಿಕೊಂಡರು. ಸಾವಿಲ್ಲದ, ಕೇಡಿಲ್ಲದ, ರೂಪಿಲ್ಲದ ಚೆಲುವನಿಗೆ ನಾನು ಒಲಿದೆ ಎಂಬುದು. ಕಂಠ ಚೆನ್ನಾಗಿತ್ತು, ಜನ ತಲೆದೂಗುತ್ತಿದ್ದರು. ಆದರೆ ಅಕ್ಕ ಒಲಿದದ್ದು ಚೆನ್ನಮಲ್ಲಿಕಾರ್ಜುನನಿಗೆ. ಆ ವಚನ ಮುಗಿಯುವುದು ಸಾಯುವ, ಕೆಡುವ ಲೋಕದ ಗಂಡಂದಿರನ್ನು ಒಯ್ದು ಒಲೆಗೆ ಹಾಕು ತಾಯಿ ಎಂಬ ಮಾತಿನಲ್ಲಿ. ಸಾಲು ಬಾಯಿಗೆ ಬಂದಾಗಲೇ ಆ ಹಿರಿಯರಿಗೂ ಅರಿವಾಯಿತು. ಹುಡುಗನ ಅಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನೆಲ ನೋಡಿದರು. ಆಗ ಮುಂದಿನ ಸಾಲಿನಲ್ಲಿದ್ದ ಹುಡುಗಿಯ ಅಜ್ಜಿ ಎದ್ದು ನಿಂತು, ಮೈಕಿಲ್ಲದೆಯೇ, 'ನಮ್ಮ ಅಳಿಯ ನೂರು ವರ್ಷ ಬಾಳಲಿ' ಎಂದು ಎರಡೂ ಕೈ ಎತ್ತಿದರು. ಜನ ಚಪ್ಪಾಳೆ ತಟ್ಟಿದರು. ಮದುವೆ ಉಳಿಯಿತು. ಶರಣರ ಸಂಸಾರವನ್ನು ಕುರಿತ ವಚನಗಳು ಬೇಕಾದಷ್ಟಿವೆ. ಆರಿಸಿಕೊಂಡು ಬನ್ನಿ. ಕೂಡಲಸಂಗಮದೇವ ಎಂದು ಮುಗಿದರೆ ಬಸವಣ್ಣನವರದು, ಗುಹೇಶ್ವರ ಎಂದರೆ ಅಲ್ಲಮಪ್ರಭುವಿನದು. ಅಷ್ಟನ್ನಾದರೂ ಸರಿಯಾಗಿ ಹೇಳಬೇಕು. ನಮ್ಮ ತುಮಕೂರಿನ ಛತ್ರಗಳಲ್ಲಿ ವಚನ ಬಲ್ಲ ಹತ್ತು ಜನರಾದರೂ ಕುಳಿತಿರುತ್ತಾರೆ.

ಆಡಬಾರದ ಮಾತುಗಳು

ಹಿಂದೆ ಬಂದು ತಪ್ಪಿಹೋದ ಸಂಬಂಧಗಳು, ಕಾಲೇಜಿನ ದಿನಗಳ ಪ್ರೇಮ, ಬಣ್ಣ, ಮೈಕಟ್ಟು, ಸಂಬಳ, ಮದುವೆಗೆ ಆದ ಖರ್ಚು. ಇವು ಯಾವುವೂ ಬೇಡ. 'ಮುಂದಿನ ವರ್ಷ ತೊಟ್ಟಿಲು ತೂಗಲಿ' ಎಂಬುದನ್ನು ಹಿರಿಯರು ಕಿವಿಯಲ್ಲಿ ಹೇಳಿ ಹರಸಲಿ. ಮೈಕಿನಲ್ಲಿ ಅದು ಹರಕೆಯಾಗದೆ ಒತ್ತಡವಾಗುತ್ತದೆ.

ಬೇರೆ ಬೇರೆ ಜಾತಿಯ ಹುಡುಗ ಹುಡುಗಿಯ ಮದುವೆಯಲ್ಲಿ ನಾಲಿಗೆಯ ಮೇಲೆ ಇನ್ನಷ್ಟು ಹಿಡಿತ ಬೇಕು. 'ದೊಡ್ಡ ಮನಸ್ಸು ಮಾಡಿ ಒಪ್ಪಿಕೊಂಡಿದ್ದಾರೆ' ಎಂಬ ಮಾತನ್ನು ಹೊಗಳಿಕೆ ಎಂದುಕೊಂಡೇ ಹೇಳುತ್ತಾರೆ. ಆ ಕಡೆಯವರಿಗೆ ಅದು ಹೇಗೆ ಕೇಳಿಸುತ್ತದೆ ಎಂದು ಯೋಚಿಸಿ. ಒಬ್ಬರನ್ನು ದೊಡ್ಡವರು ಮಾಡಿದ ಕ್ಷಣವೇ ಇನ್ನೊಬ್ಬರನ್ನು ಸಣ್ಣವರು ಮಾಡಿದ ಹಾಗಾಯಿತು. ಆ ವೇದಿಕೆಯ ಮೇಲೆ ಜಾತಿಯ ಹೆಸರೇ ಬರಬಾರದು, ಒಳ್ಳೆಯದಕ್ಕೂ ಬರಬಾರದು.

ಇನ್ನೊಂದು ವಿಷಯ ನನಗೆ ಬಹಳ ಮುಖ್ಯ. ಗಂಡನನ್ನು ಕಳೆದುಕೊಂಡ ತಾಯಿ ಒಬ್ಬಳೇ ದುಡಿದು ಮಗಳ ಮದುವೆ ಮಾಡಿರುತ್ತಾಳೆ. ಹಳೆಯ ಕಟ್ಟುಪಾಡಿಗೆ ಹೆದರಿ ಹಸೆಮಣೆಯ ಹತ್ತಿರವೂ ಬಾರದೆ ಕಂಬದ ಪಕ್ಕ ನಿಂತಿರುತ್ತಾಳೆ. ಮಾತನಾಡುವವರು ತೀರಿಕೊಂಡ ತಂದೆಯನ್ನು ಬಾಯಿ ತುಂಬ ಹೊಗಳಿ ಇಳಿದುಬಿಡುತ್ತಾರೆ. ನೀವು ಹಾಗೆ ಮಾಡಬೇಡಿ. ಮೊದಲು ಆ ತಾಯಿಯ ಹೆಸರು ಹೇಳಿ, ವೇದಿಕೆಗೆ ಕರೆಯಿರಿ, ಅವರು ಬರುವವರೆಗೆ ಕಾಯಿರಿ. ಆಮೇಲೆ ತಂದೆಯ ನೆನಪು.

ಮೈಕ್ ಹಿಡಿಯುವ ರೀತಿ

ಬಾಯಿಂದ ನಾಲ್ಕು ಬೆರಳು ದೂರ, ಗದ್ದಕ್ಕಿಂತ ಸ್ವಲ್ಪ ಮೇಲೆ ಇರಲಿ. ಜಾಲರಿಯ ಮೇಲೆ ಕೈ ಮುಚ್ಚಬೇಡಿ. ಗಾಯಕರನ್ನು ನೋಡಿ ಯುವಕರು ಹಾಗೆ ಹಿಡಿಯುತ್ತಾರೆ. ನಾವು ಕೊಡುವ ಮೈಕ್ ಮುಂದಿನ ಧ್ವನಿಯನ್ನು ಮಾತ್ರ ಹಿಡಿಯುವಂತೆ ಮಾಡಿರುವುದು. ಜಾಲರಿ ಮುಚ್ಚಿದರೆ ಸುತ್ತಲಿನ ಸದ್ದನ್ನೆಲ್ಲ ಎಳೆದುಕೊಳ್ಳುತ್ತದೆ. ಸ್ಪೀಕರಿನಿಂದ ಹೊರಟ ಸದ್ದು ಮತ್ತೆ ಮೈಕಿಗೆ ಹೊಕ್ಕು, ಮತ್ತೆ ಸ್ಪೀಕರಿಗೆ ಹೋಗಿ, ಕಿವಿ ಸೀಳುವ ಕೀರಲು ಏಳುತ್ತದೆ. ಸ್ಪೀಕರ್ ಪೆಟ್ಟಿಗೆಯ ಮುಂದೆ ಓಡಾಡಿದರೂ ಇದೇ ಗತಿ. ಊದಬೇಡಿ, ತಟ್ಟಬೇಡಿ.

ಹಳೆಯ ಫೋಟೋ ತೋರಿಸುವವರು ಪೆನ್ ಡ್ರೈವ್ ತನ್ನಿ. ಮೊಬೈಲನ್ನು ನೇರವಾಗಿ ಪರದೆಗೆ ಜೋಡಿಸಿದರೆ, ಆ ಹೊತ್ತಿಗೇ ಬಂದ ಖಾಸಗಿ ವಾಟ್ಸಾಪ್ ಸಂದೇಶ ಹತ್ತು ಅಡಿ ಅಗಲಕ್ಕೆ ಕಾಣಿಸಿಕೊಳ್ಳುತ್ತದೆ.

ಧಾರೆಯ ಹೊತ್ತಿಗೆ

ಪುರೋಹಿತರ ಅಂಗವಸ್ತ್ರಕ್ಕೆ ಸಿಕ್ಕಿಸುವ ಸಣ್ಣ ಮೈಕ್ ಬಹಳ ಅಪಾಯಕಾರಿ ವಸ್ತು. ಮಂತ್ರದ ನಡುವೆ ಬಿಡುವು ಸಿಕ್ಕಾಗ ಅವರ ಸುತ್ತಲೇ ಎಲ್ಲ ಮಾತುಕತೆ ನಡೆಯುತ್ತದೆ. ವಾಚು ಬಂತೇ, ಉಂಗುರ ಎಷ್ಟು ಗ್ರಾಂ, ಹೇಳಿದ್ದೆಷ್ಟು, ಕೊಟ್ಟಿದ್ದೆಷ್ಟು ಎಂಬುದೆಲ್ಲ ಊಟದ ಹಾಲಿನವರೆಗೂ ಕೇಳಿಸಿದ ಪ್ರಸಂಗ ನಡೆದಿದೆ. ವರದಕ್ಷಿಣೆ ಕೊಡುವುದೂ ತೆಗೆದುಕೊಳ್ಳುವುದೂ 1961ರ ಕಾಯಿದೆಯ ಪ್ರಕಾರ ಅಪರಾಧ. ಮೈಕ್ ಆಫ್ ಮಾಡಿದ ಮಾತ್ರಕ್ಕೆ ಅದು ಸರಿಯಾಗುವುದಿಲ್ಲ. ಆದರೆ ಕಾಲುಂಗುರ, ಸೀರೆಯ ಬಗ್ಗೆ ಹೆಂಗಸರು ಆಡುವ ಮನೆಯ ಮಾತು ಮನೆಯವರಲ್ಲೇ ಇರಬೇಕು. ಮೈಕ್ ಸೆಟ್ಟಿನವನಿಗೆ ಮೊದಲೇ ಹೇಳಿ: ಮಂತ್ರ ನಿಂತ ಕೂಡಲೇ ಆ ಮೈಕಿನ ಧ್ವನಿ ಇಳಿಸಬೇಕು.

ಬೆಳಗಿನ ಜಾವದ ಮುಹೂರ್ತವಿದ್ದರೆ ಹೊರಗೆ ಹಾರ್ನ್ ಕೇಳಬೇಡಿ. ಶಬ್ದ ಮಾಲಿನ್ಯ ನಿಯಮಗಳು 2000ದಿಂದ ಜಾರಿಯಲ್ಲಿವೆ, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಪೊಲೀಸರು ಬಂದು ಧಾರೆಯ ಹೊತ್ತಿನಲ್ಲಿ ಹುಡುಗಿಯ ಅಪ್ಪನನ್ನು ಹೊರಗೆ ಕರೆದರೆ ಚೆನ್ನಾಗಿರುವುದಿಲ್ಲ.

ಮಾತು ದಾರಿ ತಪ್ಪಿದಾಗ

ಮೈಕ್ ಕಿತ್ತುಕೊಳ್ಳಬೇಡಿ, ಕಿತ್ತುಕೊಂಡರೆ ಜಗಳ ಹುಟ್ಟುತ್ತದೆ. ಸದ್ದಿಲ್ಲದೆ ಮೈಕ್ ಆಫ್ ಮಾಡುವುದೂ ನನಗೆ ಹಿಡಿಸುವುದಿಲ್ಲ, ಮಾತನಾಡುವವರು ಇನ್ನೂ ಜೋರಾಗಿ ಕೂಗುತ್ತಾರೆ. ನಮ್ಮ ಹಿರಿಯರು ಇದಕ್ಕೆ ದಾರಿ ಕಂಡುಕೊಂಡಿದ್ದಾರೆ. ತಾಳಿ ಕಟ್ಟುವ ಗಳಿಗೆಯಲ್ಲಿ ಪುರೋಹಿತರು ಕೈ ಎತ್ತಿ 'ಗಟ್ಟಿಮೇಳ' ಎನ್ನುತ್ತಾರೆ. ನಾಗಸ್ವರ, ಡೋಲು ಒಮ್ಮೆಲೇ ಏರುತ್ತವೆ, ಸೀನು, ಅಳು, ಅಪಶಕುನದ ಮಾತು ಯಾವುದೂ ವಧೂವರರ ಕಿವಿಗೆ ಬೀಳಬಾರದೆಂದು. ಆರತಕ್ಷತೆಯಲ್ಲೂ ಇದನ್ನೇ ಬಳಸಿಕೊಳ್ಳಿ. ಓಲಗದವರೋ ವಾದ್ಯಗೋಷ್ಠಿಯವರೋ ಯಾರಿದ್ದರೂ ಸಂಜೆಯೇ ಹೋಗಿ ಮಾತನಾಡಿ, ಒಂದು ಸನ್ನೆ ಗೊತ್ತುಮಾಡಿ: ಮೈಕಿನ ಉಸ್ತುವಾರಿ ಹೆಗಲ ಮೇಲಿನ ಟವೆಲ್ ತೆಗೆದು ಇನ್ನೊಂದು ಹೆಗಲಿಗೆ ಹಾಕಿದರೆ ಮಂಗಳವಾದ್ಯ ಶುರು. ಅದೇ ಹೊತ್ತಿಗೆ ಉಸ್ತುವಾರಿ ವೇದಿಕೆ ಹತ್ತಿ, ಮಾತನಾಡುತ್ತಿರುವವರಿಗೆ ಕೈಮುಗಿದು, ಹೂವು ಕೊಟ್ಟು, ಹೆಗಲ ಮೇಲೆ ಕೈ ಹಾಕಿ ಊಟಕ್ಕೆ ಕರೆದುಕೊಂಡು ಹೋಗಬೇಕು. ಅವರ ಮರ್ಯಾದೆಯೂ ಉಳಿಯುತ್ತದೆ, ಬೀಗರದೂ ಉಳಿಯುತ್ತದೆ. ಆಮೇಲೆ ಯಾರೂ ಮೈಕಿನಲ್ಲಿ ಸಮಜಾಯಿಷಿ ಕೊಡಲು ಹೋಗಬಾರದು. ಮೊದಲ ಸಲ ಕೇಳಿಸದವರಿಗೂ ಆಗ ಕೇಳಿಸುತ್ತದೆ.

ಮಾತು ನಿಜವಾಗಿ ನೋಯಿಸಿದ್ದರೆ, ಆಡಿದವರು ಬೀಗರ ಊಟದವರೆಗೆ ಕಾಯದೆ ಅಂದೇ ರಾತ್ರಿ ಇಳಿದುಕೊಂಡ ಕೋಣೆಗೆ ಹೋಗಿ, ನೊಂದವರ ಎದುರು ಕುಳಿತು, 'ತಪ್ಪಾಯಿತು' ಎನ್ನಬೇಕು. 'ತಮಾಷೆಗೆ ಹೇಳಿದೆ' ಎಂದು ಸೇರಿಸಬಾರದು. ಇತ್ತ ಮನೆಯವರು ವಿಡಿಯೋದವರಿಗೆ ಬೆಳಿಗ್ಗೆಯೇ ಫೋನ್ ಮಾಡಿ, ಯಾರು ಮಾತನಾಡಿದಾಗ, ಸುಮಾರು ಎಷ್ಟು ಗಂಟೆಗೆ ಎಂದು ತಿಳಿಸಿ ಆ ಭಾಗ ಕತ್ತರಿಸಲು ಹೇಳಿ. ಎಡಿಟಿಂಗ್ ಮುಗಿದು ಪೆನ್ ಡ್ರೈವ್ ಕೈಗೆ ಬಂದ ಮೇಲೆ ಹೇಳಿದರೆ ಮತ್ತೆ ದುಡ್ಡು ಕೇಳುತ್ತಾರೆ. ಮೊಬೈಲಿನಲ್ಲಿ ಚಿತ್ರಿಸಿಕೊಂಡ ಹುಡುಗರನ್ನೂ ಹುಡುಕಿ ಅಳಿಸಲು ಹೇಳಿ. ಆ ಕೆಲಸವನ್ನು ಅವರ ಅಕ್ಕತಂಗಿಯರಿಗೆ ಒಪ್ಪಿಸಿದರೆ ಬೇಗ ಆಗುತ್ತದೆ.