ಸ್ಟೇಟಸ್ ಹಾಕಿದ್ದಾಯ್ತು, ಇನ್ನು ಸೈನಿಕರಿಗೆ ಏನಾದರೂ ಮಾಡೋದು ಹೇಗೆ?

ನಮ್ಮ ಅಪಾರ್ಟ್‌ಮೆಂಟ್ ಗೇಟಿನಲ್ಲಿ ಕೂರುವ ಸೆಕ್ಯುರಿಟಿ ಅಂಕಲ್ ಹದಿನೇಳು ವರ್ಷ ಸೇನೆಯಲ್ಲಿದ್ದು ಹವಾಲ್ದಾರ್ ಆಗಿ ಬಂದವರು. ಇದು ನನಗೆ ಗೊತ್ತಾಗಿದ್ದು ಅಲ್ಲಿಗೆ ಬಂದು ಎರಡು ವರ್ಷ ಆದ ಮೇಲೆ. ಅದೂ ಅವರು ಫೋನ್ ಹಿಡಿದುಕೊಂಡು ಬಂದು, "ಸಾರ್, ಇದೊಂಚೂರು ನೋಡ್ತೀರಾ" ಅಂತ ಕೇಳಿದಾಗ. ಅಷ್ಟೂ ದಿನ ಅವರ ಎದುರೇ ಹಾರ್ನ್ ಹೊಡೆದು ಗೇಟ್ ತೆಗೆಸಿದ್ದೇನೆ, ಆಗಸ್ಟ್ 15ಕ್ಕೆ ತಪ್ಪದೆ ಜೈ ಜವಾನ್ ಸ್ಟೇಟಸ್ಸನ್ನೂ ಹಾಕಿದ್ದೇನೆ.

ಹಾಗಾಗಿ ಮೊದಲ ಕೆಲಸ, ಸುತ್ತ ಯಾರಿದ್ದಾರೆ ಅಂತ ನೋಡಿಕೊಳ್ಳಿ. ಜವಾನರಲ್ಲಿ ತುಂಬಾ ಜನ ನಲವತ್ತರ ಆಸುಪಾಸಿನಲ್ಲೇ ನಿವೃತ್ತರಾಗುತ್ತಾರೆ. ಮಕ್ಕಳು ಇನ್ನೂ ಶಾಲೆಯಲ್ಲಿರುತ್ತಾರೆ, ಇನ್ನೊಂದು ಕೆಲಸ ಬೇಕೇ ಬೇಕು. ಬ್ಯಾಂಕಿನ ಬಾಗಿಲಲ್ಲಿ, ಟೆಕ್ ಪಾರ್ಕಿನ ಗೇಟಿನಲ್ಲಿ ನಿಂತವರನ್ನು ಒಮ್ಮೆ ಮಾತಾಡಿಸಿ. ಬೆಂಗಳೂರು ಇವರಿಗೆ ಹೊಸ ಊರೇನಲ್ಲ. ಹಲಸೂರು ಕೆರೆ ಪಕ್ಕ ಮದ್ರಾಸ್ ಸ್ಯಾಪರ್ಸ್, ಅಂದರೆ ಸೇನೆಯ ಎಂಜಿನಿಯರ್ ದಳದ ಕೇಂದ್ರ ಇದೆ, ಜೆ.ಸಿ. ನಗರದಲ್ಲಿ ಪ್ಯಾರಾಶೂಟ್ ರೆಜಿಮೆಂಟಿನ ತರಬೇತಿ ಕೇಂದ್ರ ಇದೆ.

ಎರಡನೆಯದು ನಮ್ಮ ಐಟಿ ಹುಡುಗರಿಗೆ, ಹುಡುಗಿಯರಿಗೆ ಹೇಳಿ ಮಾಡಿಸಿದ ಕೆಲಸ. ಪಿಂಚಣಿ. ಸೇನೆಯ ಪಿಂಚಣಿ ಈಗ ಸ್ಪರ್ಶ್ ಅನ್ನೋ ಆನ್‌ಲೈನ್ ವ್ಯವಸ್ಥೆಯಲ್ಲಿದೆ. ಪಿಂಚಣಿದಾರರು ಬದುಕಿದ್ದಾರೆ ಅಂತ ವರ್ಷಕ್ಕೊಮ್ಮೆ ಜೀವನ ಪ್ರಮಾಣ ಪತ್ರ ಕೊಡಬೇಕು, ಕೊಡದಿದ್ದರೆ ದುಡ್ಡು ನಿಲ್ಲುತ್ತದೆ. ಬಂದೂಕು ಬಿಚ್ಚಿ ಜೋಡಿಸುವವರಿಗೆ ಇದನ್ನು ಫೋನಿನ ಆ್ಯಪ್‌ನಲ್ಲಿ ಕೊಡೋದು ಕಷ್ಟ, ತಪ್ಪು ಅವರದಲ್ಲ. ಆಂಡ್ರಾಯ್ಡ್ ಫೋನಿನಲ್ಲಿ ಎರಡು ಆ್ಯಪ್ ಬೇಕು, ಒಂದು ಜೀವನ್ ಪ್ರಮಾಣ್, ಇನ್ನೊಂದು ಮುಖ ನೋಡಿ ಗುರುತು ಹಿಡಿಯುವ ಆಧಾರ್ ಫೇಸ್ ಆರ್‌ಡಿ. ಆಧಾರ್, ಪಿಪಿಒ (ಪಿಂಚಣಿ ಮಂಜೂರಾತಿ ಆದೇಶ) ನಂಬರ್, ಬ್ಯಾಂಕ್ ಪಾಸ್‌ಬುಕ್ ಪಕ್ಕದಲ್ಲಿಟ್ಟುಕೊಳ್ಳಿ. ಪಿಂಚಣಿ ಕೊಡುವವರು ಯಾರು ಅಂತ ಕೇಳುವ ಕಡೆ ಎಲ್ಲರೂ ಎಡವುತ್ತಾರೆ. ಸ್ಪರ್ಶ್‌ಗೆ ಬಂದವರು ಅಭ್ಯಾಸಬಲದಿಂದ ಹಳೇ ಬ್ಯಾಂಕಿನ ಹೆಸರು ಒತ್ತಿಬಿಟ್ಟರೆ ಅರ್ಜಿ ತಪ್ಪು ಜಾಗಕ್ಕೆ ಹೋಗುತ್ತದೆ, ಅಲ್ಲಿ ಸ್ಪರ್ಶ್ ಅಂತಲೇ ಆರಿಸಬೇಕು. ಮುಖದ ಫೋಟೊ ತೆಗೆಯುವಾಗ ಕಿಟಕಿ ಕಡೆ ತಿರುಗಿಸಿ ಕೂರಿಸಿ, ಟ್ಯೂಬ್‌ಲೈಟ್ ಬೆನ್ನಿಗಿದ್ದರೆ ಹತ್ತು ಸಲ ತೆಗೆದರೂ ಆಗುವುದಿಲ್ಲ. ಕೊನೆಗೆ ಬರುವ ಪ್ರಮಾಣ್ ಐಡಿಯನ್ನು ಅವರ ಡೈರಿಯಲ್ಲೇ ಬರೆದುಕೊಡಿ.

ಹೆಸರಿನ ತಕರಾರು ಬಂದೇ ಬರುತ್ತದೆ. ನಮ್ಮ ಕಡೆ ಇನಿಷಿಯಲ್ ಇರುತ್ತದೆ, ಸೇನೆಯ ಗುಮಾಸ್ತರು ಅದನ್ನು ಬಿಡಿಸಿ ಅಪ್ಪನ ಹೆಸರನ್ನೋ ಊರಿನ ಹೆಸರನ್ನೋ ಸೇರಿಸಿರುತ್ತಾರೆ, ಆಧಾರಿನಲ್ಲಿ ಇನ್ನೊಂದು ಥರ ಇರುತ್ತದೆ. ಅದನ್ನು ನೀವೇ ಸರಿ ಮಾಡಲು ಹೋಗಬೇಡಿ. ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಜೊತೆಯಲ್ಲಿ ಹೋಗಿ ಬನ್ನಿ. ಅರ್ಧ ದಿನ ರಜೆ ಹೋಗುತ್ತದೆ, ಹೋಗಲಿ. ಇನ್ನೊಂದು ಮಾತು, ಓಟಿಪಿ ಅವರೇ ಒತ್ತಲಿ. ಅವರ ಆಧಾರ್ ಫೋಟೊ ನಿಮ್ಮ ಗ್ಯಾಲರಿಯಲ್ಲಿ ಉಳಿಯಬಾರದು. ಪತಿಯನ್ನು ಕಳೆದುಕೊಂಡ ಅಮ್ಮಂದಿರ ಕುಟುಂಬ ಪಿಂಚಣಿಗೂ ಇದೇ ಪಾಡು, ಅವರಂತೂ ಕೇಳೋಕೂ ಹಿಂಜರಿಯುತ್ತಾರೆ.

ದುಡ್ಡು ಕೊಡುವವರು ಡಿಸೆಂಬರ್ 7 ನೆನಪಿಟ್ಟುಕೊಳ್ಳಿ. 1949ರಿಂದ ಅದು ಸಶಸ್ತ್ರ ಪಡೆಗಳ ಧ್ವಜ ದಿನ. ಆ ದಿನದ ಹೆಸರಿನ ನಿಧಿಯನ್ನು ನೋಡಿಕೊಳ್ಳೋದು ಕೇಂದ್ರೀಯ ಸೈನಿಕ ಮಂಡಳಿ, ಅವರ ವೆಬ್‌ಸೈಟಿನಲ್ಲೇ ಕೊಡಬಹುದು. ಸಿಆರ್‌ಪಿಎಫ್, ಬಿಎಸ್‌ಎಫ್‌ನಂಥ ಅರೆಸೇನಾ ಪಡೆಯವರು ಸೇನೆಯ ಲೆಕ್ಕಕ್ಕೆ ಬರುವುದಿಲ್ಲ. ಅವರ ಹುತಾತ್ಮರ ಮನೆಗಳಿಗೆ 2017ರಲ್ಲಿ ಶುರುವಾದ ಭಾರತ್ ಕೆ ವೀರ್ ಅನ್ನೋ ನಿಧಿ ಇದೆ. ವಾಟ್ಸ್ಆ್ಯಪ್‌ನಲ್ಲಿ ಬಂದ ಕ್ಯೂಆರ್ ಕೋಡಿಗೆ ಮಾತ್ರ ಕಳಿಸಬೇಡಿ. ನನ್ನ ರೂಮ್‌ಮೇಟ್ ಮನೆ ಹುಡುಕುವಾಗ, "ನಾನು ಆರ್ಮಿ, ಟ್ರಾನ್ಸ್‌ಫರ್ ಆಗಿದೆ, ಫ್ಲಾಟ್ ಬಾಡಿಗೆಗೆ ಕೊಡ್ತೀನಿ" ಅಂತ ಒಬ್ಬ ಫೋನ್ ಮಾಡಿ, ಯೂನಿಫಾರ್ಮಿನ ಫೋಟೊ, ಐಡಿ ಕಾರ್ಡ್ ಎಲ್ಲ ಕಳಿಸಿ ಅಡ್ವಾನ್ಸ್ ನುಂಗಿ ಹಾಕಿದ. ಸೈನಿಕ ಅಂದ ತಕ್ಷಣ ನಾವು ಪ್ರಶ್ನೆ ಕೇಳುವುದಿಲ್ಲ ಅಂತ ಕಳ್ಳರಿಗೂ ಗೊತ್ತು. ಸೈನಿಕರ ಗುರುತಿನ ಚೀಟಿ ಅಂತ ಯಾರಾದರೂ ವಾಟ್ಸ್ಆ್ಯಪ್ ಮಾಡಿದರೆ ಅಲ್ಲೇ ಅನುಮಾನ ಪಡಿ.

ಫೋನ್ ಕೈಯಲ್ಲಿದ್ದಾಗ ಇನ್ನೂ ಒಂದು. ಯಶವಂತಪುರದಲ್ಲಿ ಸೇನೆಯ ಗಾಡಿಗಳನ್ನು ಹೊತ್ತ ರೈಲು ಕಂಡರೆ ಕೈ ಬೀಸಿ, ವಿಡಿಯೊ ಮಾಡಿ ಹಾಕಬೇಡಿ. 2008ರ ಮುಂಬೈ ದಾಳಿಯಲ್ಲಿ ಟಿವಿ ನೇರಪ್ರಸಾರ ನೋಡಿಕೊಂಡೇ ಪಾಕಿಸ್ತಾನದಲ್ಲಿ ಕೂತವರು ಉಗ್ರರಿಗೆ ಫೋನಿನಲ್ಲಿ ದಾರಿ ಹೇಳುತ್ತಿದ್ದರು. ಅದೇ ದಾಳಿಯಲ್ಲಿ, ತಾಜ್ ಹೋಟೆಲಿನಲ್ಲಿ, ನಮ್ಮೂರಿನ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಪ್ರಾಣ ಕೊಟ್ಟರು. ಯಲಹಂಕದಲ್ಲಿ ಅವರ ಹೆಸರಿನ ರಸ್ತೆ ಇದೆ. ಅದೇ ರಸ್ತೆಯಲ್ಲಿ ರಾಂಗ್ ಸೈಡಲ್ಲಿ ಬೈಕ್ ನುಗ್ಗಿಸುವವರ ಹಿಂದುಗಡೆಯೂ "ಇಂಡಿಯನ್ ಆರ್ಮಿ" ಸ್ಟಿಕ್ಕರ್ ಇರುತ್ತದೆ, ಏನು ಹೇಳೋಣ.

ವೀರಗಲ್ಲುಗಳನ್ನು ಒಮ್ಮೆ ನೋಡಿ ಬನ್ನಿ. ಬೇಗೂರಿನ ನಾಗೇಶ್ವರ ದೇವಸ್ಥಾನದ ಸುಮಾರು 890ರ ಕಲ್ಲು "ಬೆಂಗಳೂರು ಕಾಳಗ"ದಲ್ಲಿ ಸತ್ತವನನ್ನು ನೆನೆಯುತ್ತದೆ, ಈ ಊರಿನ ಹೆಸರು ಸಿಗುವ ಅತಿ ಹಳೆಯ ಕಲ್ಲೇ ಅದು. ಹೆಬ್ಬಾಳದ ಕಿತ್ತಯ್ಯನ ಕಲ್ಲು ಅದಕ್ಕಿಂತಲೂ ಹಳೆಯದು, ಸುಮಾರು 750ರದ್ದು. 2018ರಲ್ಲಿ ಮೋರಿ ಕೆಲಸಕ್ಕೆ ನೆಲ ಅಗೆಯುವಾಗ ಸಿಕ್ಕಿತು. ಬ್ರಿಗೇಡ್ ರೋಡ್, ರೆಸಿಡೆನ್ಸಿ ರೋಡ್ ಸೇರುವ ಮೂಲೆಯಲ್ಲೂ ಸ್ಯಾಪರ್‌ಗಳ ಸ್ಮಾರಕ ಇದೆ. ಶಾಪಿಂಗ್‌ಗೆ ಹೋದವರು ಅದಕ್ಕೆ ಒರಗಿಕೊಂಡು ಕ್ಯಾಬ್ ಕಾಯುತ್ತಾರೆ. ಒರಗಬೇಡಿ, ಅಷ್ಟೇ.

ಮಾಡಬಾರದ್ದು ಅಂದರೆ, ಸೈನಿಕರನ್ನು ಕೋಲು ಮಾಡಿಕೊಂಡು ಬೇರೆಯವರಿಗೆ ಹೊಡೆಯೋದು. ನೀರು ಬರ್ತಿಲ್ಲ, ರಸ್ತೆ ಗುಂಡಿ ಬಿದ್ದಿದೆ ಅಂತ ಯಾರಾದರೂ ಬೈದರೆ ತಕ್ಷಣ ಒಬ್ಬ, "ಗಡಿಯಲ್ಲಿ ಸೈನಿಕ ನಿಂತಿದ್ದಾನೆ, ನಿಂಗೇನೋ ಕಷ್ಟ" ಅಂತ ಬರುತ್ತಾನೆ. ಸಿನಿಮಾ ಮಂದಿರದಲ್ಲಿ ರಾಷ್ಟ್ರಗೀತೆ ಹಾಕಲೇಬೇಕು ಅನ್ನೋ ಆದೇಶವನ್ನು ಸುಪ್ರೀಂ ಕೋರ್ಟೇ 2018ರ ಜನವರಿಯಲ್ಲಿ ಸಡಿಲ ಮಾಡಿತು. ಹಾಕಿದರೆ ಎದ್ದು ನಿಲ್ಲಿ. ಪಕ್ಕದ ಸೀಟಿನವರ ಕಾಲರ್ ಹಿಡಿಯೋದು ನಿಮ್ಮ ಕೆಲಸವಲ್ಲ. ನಮ್ಮ ಅಂಕಲ್‌ಗೆ ಇಂಥ ಜಗಳದ ವಿಡಿಯೊ ಒಂದನ್ನು ತೋರಿಸಿದೆ. "ಇದರಲ್ಲಿ ನಮ್ಮನ್ಯಾಕೆ ಎಳೀತಾರೆ" ಅಂದು ಫೋನ್ ವಾಪಸ್ ಕೊಟ್ಟರು.

ಇನ್ನು ಮಾತಾಡೋದು ಹೇಗೆ? "ಎಷ್ಟು ಜನರನ್ನ ಹೊಡೆದಿದ್ದೀರಾ" ಅಂತ ಮಾತ್ರ ಕೇಳಬೇಡಿ, ತುಂಬಾ ಜನ ಮೊದಲು ಕೇಳೋದೇ ಅದು. ರೈಲಿನಲ್ಲಿ ಸಿಕ್ಕರೆ ರಜೆ ಎಷ್ಟು ದಿನ, ಮನೆಯಲ್ಲಿ ಯಾರಿದ್ದಾರೆ ಅಂತ ಕೇಳಿ. ಮಲಗಿದ್ದರೆ ಮಲಗಲು ಬಿಡಿ, ಸೆಲ್ಫಿಗೆ ಎಬ್ಬಿಸಬೇಡಿ. ಊಟದ ವಿಷಯ ತೆಗೆದರೆ ಎಲ್ಲರೂ ಮಾತಾಡುತ್ತಾರೆ. ಲಡಾಖ್ ಹೇಗಿತ್ತು ಅಂತ ನಾನು ಕೇಳಿದಾಗ ಅಂಕಲ್ ಚಳಿಯ ಮಾತೇ ಎತ್ತಲಿಲ್ಲ. ರಜೆ ಮುಗಿಸಿ ಹೋಗುವಾಗ ಟ್ರಂಕಿನಲ್ಲಿ ರಾಗಿ ಹಿಟ್ಟು ಒಯ್ದಿದ್ದರಂತೆ. ಅಷ್ಟು ಎತ್ತರದಲ್ಲಿ ನೀರು ಬೇಗ ಕುದಿಯುತ್ತದೆ, ಆದರೆ ಹಿಟ್ಟು ಸರಿಯಾಗಿ ಬೇಯುವುದಿಲ್ಲ. ಮೂರು ದಿನ ಮುದ್ದೆ ಬರೀ ಗಂಟು. ನಾಲ್ಕನೇ ದಿನ ಪಂಜಾಬಿ ಅಡುಗೆಯವನೇ ಪ್ರೆಷರ್ ಕುಕ್ಕರ್ ತಂದು ಮುಂದಿಟ್ಟನಂತೆ.