ಸಿಐ (ಕೋಡ್ ಬದಲಾದಾಗ ತಾನಾಗೇ ಓಡೋ) ಬಿಲ್ಡ್‌ನಲ್ಲಿ ಪೈಥಾನ್ ಪ್ಯಾಕೇಜ್ ಹಳೇ ವರ್ಷನ್‌ಗೆ ಇಳೀದೇ ಇರೋಕೆ

ಬೇಸ್ ಇಮೇಜ್ (ಮೊದಲೇ ಕೆಲವು ಪ್ಯಾಕೇಜ್ ಇರೋ ಕಂಟೇನರ್ ಇಮೇಜ್) ಮೇಲೆ ಹೊಸ ಪ್ಯಾಕೇಜ್ ಹಾಕೋ ಮುಂಚೆ, ಪೈಥಾನ್ ಪ್ಯಾಕೇಜ್ ಹಾಕೋ ಟೂಲ್ ಪಿಪ್‌ನಲ್ಲಿರೋ ಪಿಪ್ ಲಿಸ್ಟ್ ಕಮಾಂಡ್‌ನ ಔಟ್‌ಪುಟ್ ಅನ್ನ ಫ್ರೀಜ್ ಫಾರ್ಮ್ಯಾಟಲ್ಲಿ (ಸಾಲಿಗೊಂದು ಹೆಸರು==ವರ್ಷನ್) ಒಂದು ಫೈಲ್‌ಗೆ ತಗೊಳ್ಳಿ, ಅದರಲ್ಲಿರೋ ಡಬಲ್ ಈಕ್ವಲ್ಸ್ ಎಲ್ಲಾ ಗ್ರೇಟರ್ ದ್ಯಾನ್ ಆರ್ ಈಕ್ವಲ್ ಮಾಡಿ, ಆಮೇಲೆ ಪಿಪ್ ಇನ್‌ಸ್ಟಾಲ್‌ಗೆ ಮೈನಸ್ ಸಿ ಕೊಟ್ಟು ಆ ಫೈಲನ್ನೇ ಕನ್‌ಸ್ಟ್ರೇಂಟ್ (ವರ್ಷನ್ ಮಿತಿ) ಆಗಿ ಪಾಸ್ ಮಾಡಿ. ಇಲ್ಲಾಂದ್ರೆ ಹೊಸ ಪ್ಯಾಕೇಜ್ 'ನಂಪೈ 2ಕ್ಕಿಂತ ಕಮ್ಮಿ ಇರ್ಲಿ' ಅಂದ ತಕ್ಷಣ ಪಿಪ್ ಇರೋ ನಂಪೈ 2 ತೆಗೆದು 1.26 ಹಾಕುತ್ತೆ, ಬಿಲ್ಡ್ ಮಾತ್ರ ಹಸಿರಾಗೇ ಇರುತ್ತೆ, ಪ್ರೊಡಕ್ಷನ್‌ನಲ್ಲಿ ಇಂಪೋರ್ಟ್ ಆಗೋವಾಗ ಒಡೆಯುತ್ತೆ. ಕನ್‌ಸ್ಟ್ರೇಂಟ್ ಇದ್ರೆ ಇಳಿಸೋ ದಾರಿನೇ ಇಲ್ಲ, ಹೊಂದೋ ವರ್ಷನ್ ಸಿಗದಿದ್ರೆ ಬಿಲ್ಡ್ ಅಲ್ಲೇ ಫೇಲ್ ಆಗುತ್ತೆ, ನಮಗೆ ಬೇಕಿರೋದೂ ಅದೇ. ಟಾರ್ಚ್ ಥರ ವರ್ಷನ್ ಕೊನೇಲಿ ಪ್ಲಸ್ ಸಿಯು121 ಅಂತಿರೋ ಸಾಲುಗಳನ್ನ ಮಾತ್ರ ಡಬಲ್ ಈಕ್ವಲ್ಸ್‌ನಲ್ಲೇ ಬಿಡಿ, ಹೀಗೆ ಪ್ಲಸ್ ಇರೋ ಲೋಕಲ್ ವರ್ಷನ್‌ಗೆ ಗ್ರೇಟರ್ ದ್ಯಾನ್ ನಡೆಯಲ್ಲ. ಇನ್ನೊಂದು, ಇದು ಕಾಯೋದು ಲಿಸ್ಟಲ್ಲಿರೋದನ್ನ ಮಾತ್ರ. ಹೊಂದಾಣಿಕೆ ಆಗೋಕೆ ಪಿಪ್ ಹೊಸ ಪ್ಯಾಕೇಜ್‌ದೇ ಹಳೇ ರಿಲೀಸ್ ಹುಡುಕಿ ಹಾಕಬಹುದು, ಹಾಗಾಗಿ ಅದಕ್ಕೂ ಮಿನಿಮಮ್ ವರ್ಷನ್ ಬರೆದುಬಿಡಿ. ನೋ ಡೆಪ್ಸ್ ಆಪ್ಷನ್ ಬಳಸೋರು ಕೊನೇಲಿ ಪಿಪ್ ಚೆಕ್ ಓಡಿಸಿ, ಯಾಕಂದ್ರೆ ನೋ ಡೆಪ್ಸ್ ಕೊಟ್ರೆ ಇನ್‌ಸ್ಟಾಲ್ ಮಾಡೋವಾಗ ಪಿಪ್ ಡಿಪೆಂಡೆನ್ಸಿ (ಆ ಪ್ಯಾಕೇಜ್‌ಗೆ ಬೇಕಾದ ಬೇರೆ ಪ್ಯಾಕೇಜ್) ಕಡೆ ನೋಡೋದೇ ಇಲ್ಲ.